ಹಳೆಯ ಬೆಳ್ಳಿ ಡಾಲರಿನ ಬೆಲೆ

ಮನೆಯ ಹಳೆಯ ಪೆಟ್ಟಿಗೆಯ ತಳದಲ್ಲಿ ಕಪ್ಪಿಟ್ಟ ಬೆಳ್ಳಿಯ ನಾಣ್ಯವೊಂದು ನಮಗೆ ಸಿಕ್ಕಿತೆಂದು ಭಾವಿಸೋಣ. ಒಂದು ಮುಖದಲ್ಲಿ ಸ್ವಾತಂತ್ರ್ಯದೇವಿಯ ಶಿರಸ್ಸು, ಅದರ ಕೆಳಗೆ 1889 ಎಂಬ ಇಸವಿ. ಇನ್ನೊಂದು ಮುಖದಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಇದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಬೆಳ್ಳಿ ಡಾಲರು. ಇದರ ರೂಪವನ್ನು ರಚಿಸಿದವನು ಜಾರ್ಜ್ ಮಾರ್ಗನ್ ಎಂಬ ಕಲೆಗಾರನಾದುದರಿಂದ ಇದು ಮಾರ್ಗನ್ ಡಾಲರೆಂದು ಪ್ರಸಿದ್ಧವಾಗಿದೆ. 1878ರಿಂದ 1904ರವರೆಗೂ, ಮತ್ತೆ 1921ರಲ್ಲಿಯೂ ಇದನ್ನು ಚಲಾವಣೆಗಾಗಿ ಅಚ್ಚುಹಾಕಿದರು. ಇದರ ಬೆಲೆಯೆಷ್ಟು?

ಚಿನಿವಾರನನ್ನು ಕೇಳಿದರೆ ಅವನು ತಕ್ಕಡಿಯನ್ನು ಕೈಗೆತ್ತಿಕೊಳ್ಳುವನು. ಸವೆಯದ ಡಾಲರಿನ ತೂಕ 26.73 ಗ್ರಾಂ, ಎಂದರೆ ನಮ್ಮ ಹಿರಿಯರ ಲೆಕ್ಕದಲ್ಲಿ ಎರಡೂಕಾಲು ತೊಲಕ್ಕೆ ತುಸು ಮೇಲು. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬೆಳ್ಳಿ, ಒಂದು ಪಾಲು ತಾಮ್ರ. ಆದುದರಿಂದ ಅಪ್ಪಟ ಬೆಳ್ಳಿ 24.06 ಗ್ರಾಂ. ಇದನ್ನು ಆ ದಿನದ ಧಾರಣೆಯಿಂದ ಗುಣಿಸಿದರೆ ಲೋಹದ ಬೆಲೆ ದೊರೆಯುವುದು. ಈ ಲೆಕ್ಕ ತಪ್ಪಲ್ಲ. ಆದರೆ ಇದು ಬೆಲೆಯ ಕನಿಷ್ಠ ಮಿತಿ ಮಾತ್ರ. ಅದಕ್ಕಿಂತ ಕಡಮೆಗೆ ಮಾರುವುದು ನಷ್ಟ; ಅಷ್ಟಕ್ಕೇ ಮಾರುವುದು ಕೆಲವು ವೇಳೆ ಇನ್ನೂ ದೊಡ್ಡ ನಷ್ಟ.

ಏಕೆಂದರೆ, ನಾಣ್ಯಸಂಗ್ರಾಹಕನು ಮೊದಲು ನೋಡುವುದು ಟಂಕಸಾಲೆಯ ಗುರುತನ್ನು. ಹದ್ದಿನ ಕೆಳಗಿರುವ ಎಲೆಗಳ ಮಾಲೆಯ ಅಡಿಯಲ್ಲಿ ಯಾವ ಅಕ್ಷರವೂ ಇಲ್ಲದಿದ್ದರೆ ನಾಣ್ಯ ಫಿಲಡೆಲ್ಫಿಯಾದ್ದು. 1889ರಲ್ಲಿ ಅಲ್ಲಿ ಎರಡು ಕೋಟಿ ಹದಿನೇಳು ಲಕ್ಷಕ್ಕೂ ಹೆಚ್ಚು ಡಾಲರುಗಳು ಅಚ್ಚಾದುವು. ಅವು ಇಂದಿಗೂ ಸುಲಭವಾಗಿ ದೊರೆಯುತ್ತವೆ. ಆದರೆ ಆ ಸ್ಥಳದಲ್ಲಿ ‘ಸಿ ಸಿ’ ಎಂಬ ಎರಡು ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದರೆ ನಾಣ್ಯ ನೆವಾಡಾದ ಕಾರ್ಸನ್ ಸಿಟಿಯದು. ಅದೇ ವರ್ಷ ಅಲ್ಲಿ ಅಚ್ಚಾದುದು 3,50,000 ಮಾತ್ರ. ಇದು ಬಹಳ ಸವೆದಿದ್ದರೂ ಲೋಹದ ಹಲವು ಪಟ್ಟು ಬೆಲೆ ತರುತ್ತದೆ. ತೂಕ ಒಂದೇ, ಬೆಳ್ಳಿ ಒಂದೇ, ಇಸವಿಯೂ ಒಂದೇ. ತಕ್ಕಡಿಗೆ ಕಾಣದ ಭೇದವನ್ನು ಕಣ್ಣು ಕಾಣಬೇಕು.

ಹಾಗಾದರೆ ಅಚ್ಚುಹಾಕಿದ ಸಂಖ್ಯೆಯೊಂದನ್ನು ತಿಳಿದರೆ ಸಾಕೇ? ಸಾಲದು. ಉಳಿದಿರುವುದೆಷ್ಟು ಎಂಬುದೇ ಮುಖ್ಯ. ಇಲ್ಲಿ ನಮ್ಮ ದೇಶದ ಮಾತು ಬರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಹಿಂದೂಸ್ಥಾನದ ಜನರು ನೋಟುಗಳನ್ನು ಕೊಟ್ಟು ಬೆಳ್ಳಿ ರೂಪಾಯಿಗಳನ್ನು ಕೇಳತೊಡಗಿದರು; ಸರ್ಕಾರದ ಬೆಳ್ಳಿ ಬರಿದಾಗುತ್ತ ಬಂದಿತು. ಬ್ರಿಟನ್ನು ಅಮೆರಿಕದ ನೆರವನ್ನು ಬೇಡಿತು. 1918ರ ಏಪ್ರಿಲಿನಲ್ಲಿ ಪಿಟ್‌ಮನ್ ಶಾಸನವು ಜಾರಿಗೆ ಬಂದು, ಅದರಂತೆ 27 ಕೋಟಿ ಬೆಳ್ಳಿ ಡಾಲರುಗಳು ಮೂಸೆಗೆ ಬಿದ್ದುವು. ಆ ಬೆಳ್ಳಿಯ ಬಹುಪಾಲು ನಮ್ಮ ರೂಪಾಯಿಗಳಿಗಾಗಿ ಬ್ರಿಟನ್ನಿಗೆ ಮಾರಾಟವಾಯಿತು. ಯಾವ ವರ್ಷದ, ಯಾವ ಟಂಕಸಾಲೆಯ ನಾಣ್ಯಗಳೆಷ್ಟು ಕರಗಿದುವೆಂಬ ಲೆಕ್ಕವನ್ನು ಮಾತ್ರ ಯಾರೂ ಇಡಲಿಲ್ಲ.

ಇದರ ಫಲವೊಂದನ್ನು ನೋಡಿ. ನ್ಯೂ ಆರ್ಲಿಯನ್ಸಿನಲ್ಲಿ 1903ರಲ್ಲಿ 44 ಲಕ್ಷಕ್ಕೂ ಹೆಚ್ಚು ಡಾಲರುಗಳು ಅಚ್ಚಾಗಿದ್ದರೂ, ಅವೆಲ್ಲ ಕರಗಿಹೋದುವೆಂದೇ ಜನ ನಂಬಿದ್ದರು. ಹೊಸದರಂತಿರುವ ನಾಣ್ಯಕ್ಕೆ ಸಾವಿರ ಡಾಲರಿಗೂ ಮೇಲ್ಪಟ್ಟ ಬೆಲೆಯಿತ್ತು. 1962ರಲ್ಲಿ ಸರ್ಕಾರದ ಭಂಡಾರದಿಂದ ಅದೇ ನಾಣ್ಯದ ಚೀಲಗಳು ಹೊರಬಿದ್ದುವು. ಬೆಲೆ ಒಮ್ಮೆಲೇ ಕುಸಿಯಿತು. ನಾಣ್ಯ ಬದಲಾಗಲಿಲ್ಲ, ನಮ್ಮ ತಿಳಿವಳಿಕೆ ಬದಲಾಯಿತು.

ಮೂರನೆಯದು ನಾಣ್ಯದ ಸ್ಥಿತಿ. ದೇವಿಯ ಕಿವಿಯ ಮೇಲಣ ಕೂದಲೂ ಹದ್ದಿನ ಎದೆಯ ಗರಿಗಳೂ ಮೊದಲು ಸವೆಯುತ್ತವೆ. ಅವು ಸ್ಪಷ್ಟವಾಗಿದ್ದಷ್ಟೂ ಬೆಲೆ ಹೆಚ್ಚು. ತಜ್ಞರು ಈಗ ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕಗಳಿಂದ ಸೂಚಿಸುತ್ತಾರೆ. ನಮ್ಮಲ್ಲಿ ಅನೇಕರು ಎಡವುವುದು ಇಲ್ಲಿಯೇ. ಬೆಳ್ಳಿಯ ಪಾತ್ರೆಯನ್ನು ವಿಭೂತಿಯಿಂದಲೋ ಹುಣಸೆಹಣ್ಣಿನಿಂದಲೋ ಬೆಳಗುವುದು ಮನೆವಾರ್ತೆಯ ಒಳ್ಳೆಯ ಅಭ್ಯಾಸ. ನಾಣ್ಯಕ್ಕೆ ಅದು ಘಾತುಕ. ಉಜ್ಜಿದಾಗ ಮೇಲ್ಮೈಯಲ್ಲಿ ಮೂಡುವ ಸೂಕ್ಷ್ಮವಾದ ಗೀರುಗಳು ಮತ್ತೆಂದಿಗೂ ಮಾಯುವುದಿಲ್ಲ. ಕಪ್ಪು ಕಾಲದ ಬಣ್ಣ. ಅದು ಹಾಗೆಯೇ ಇರಲಿ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು.

ಬೆಲೆಯಿದ್ದಲ್ಲಿ ವಂಚನೆಯೂ ಉಂಟು. ನಾಣ್ಯದ ಅಡ್ಡಗಲ 38.1 ಮಿಲಿಮೀಟರು ಇರಬೇಕು, ತೂಕ ಹೇಳಿದಷ್ಟಿರಬೇಕು, ಅಯಸ್ಕಾಂತಕ್ಕೆ ಅಂಟಬಾರದು. ಸಾಮಾನ್ಯ ಡಾಲರಿಗೆ ಅಕ್ಷರವನ್ನು ಬೆಸೆದು ಅಪರೂಪದ್ದೆಂದು ಮಾರುವವರೂ ಇರುವುದರಿಂದ, ‘ಸಿ ಸಿ’ ಕಂಡೊಡನೆ ಹಿಗ್ಗದೆ ತಜ್ಞರಿಗೆ ತೋರಿಸುವುದು ಲೇಸು.

ನಮ್ಮ ಡಾಲರು ಫಿಲಡೆಲ್ಫಿಯಾದ್ದೇ ಆಗಿ ಸಾಧಾರಣ ಬೆಲೆಯದೆಂದು ತಿಳಿದರೆ ನಿರಾಶೆ ಬೇಡ. ಅದರ ಒಡನಾಡಿಗಳು ಮೂಸೆಯಲ್ಲಿ ಕರಗಿದಾಗ ಅದು ಉಳಿದು ಬಂದಿತು. ಕರಗಿದುವೂ ಪೂರ್ತಿಯಾಗಿ ಅಳಿದುಹೋಗಲಿಲ್ಲ. ಅದೇ ಪೆಟ್ಟಿಗೆಯಲ್ಲಿ ಅಜ್ಜಿ ಗಂಟುಕಟ್ಟಿಟ್ಟ 1919ರ ರೂಪಾಯಿಯೊಂದಿದ್ದರೆ, ಅದರ ಬೆಳ್ಳಿಯೂ ಒಮ್ಮೆ ಡಾಲರಾಗಿದ್ದಿರಬಹುದು.