ಗಾಜಿನ ಹಲಗೆ

ಕಾಶಿಯ ದಶಾಶ್ವಮೇಧ ಘಾಟಿನಲ್ಲಿ ಸಂಜೆಯ ಗಂಗಾರತಿಗೆ ಇನ್ನೂ ಎರಡು ಗಂಟೆಯ ಹೊತ್ತು ಉಳಿದಿರುವಾಗ, ಅರ್ಚಕರು ಹಿತ್ತಾಳೆಯ ಬಹುಸ್ತರದ ದೀಪಗಳನ್ನು ಉಜ್ಜಿ ಒರೆಸಿ ಸಾಲಾಗಿ ಇರಿಸುತ್ತಿರುವಾಗ, ಬಿದಿರಿನ ದೊಡ್ಡ ಕೊಡೆಯೊಂದರ ನೆರಳಿನಲ್ಲಿ ಕುಳಿತು, ಮೊಣಕಾಲುಗಳ ಮೇಲೆ ಟ್ಯಾಬ್ಲೆಟ್ಟೊಂದನ್ನು ಇರಿಸಿಕೊಂಡು, ಭಿನ್ನರಾಶಿಗಳ ಲೆಕ್ಕ ಮಾಡುತ್ತಿದ್ದ ಹನ್ನೆರಡು ವರ್ಷದ ಬಾಲಕನೊಬ್ಬನನ್ನು ಕಂಡೆನು. ದೋಣಿ ನಡೆಸುವ ಮಲ್ಲಾಹರ ಮನೆಯ ಹುಡುಗ. ನಾನು ಇಳಿದುಕೊಂಡಿದ್ದ ಜಂಗಮವಾಡಿ ಮಠ, ಕನ್ನಡ ನಾಡಿನ ಯಾತ್ರಿಕರಿಗೆ ತಲೆಮಾರುಗಳಿಂದ ಆಶ್ರಯವಾಗಿರುವ ಆ ಪೀಠ, ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆಯ ದೂರದಲ್ಲಿರುವುದರಿಂದ ನನಗೆ ಹೊತ್ತಿನ ಅವಸರವಿರಲಿಲ್ಲ. ಅವನ ಪಕ್ಕದ ಮೆಟ್ಟಿಲ ಮೇಲೆ ಕುಳಿತೆನು.

ಹಲಗೆ ಅವನದಲ್ಲ, ಅವನ ಅಕ್ಕನದು. ಉತ್ತರ ಪ್ರದೇಶದ ಸರ್ಕಾರವು ಸ್ವಾಮಿ ವಿವೇಕಾನಂದ ಯುವ ಸಶಕ್ತೀಕರಣ ಯೋಜನೆಯೆಂಬ ಹೆಸರಿನಲ್ಲಿ ಉನ್ನತ ವ್ಯಾಸಂಗದ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನೂ ಸ್ಮಾರ್ಟ್‌ಫೋನುಗಳನ್ನೂ ಹಂಚುತ್ತ ಬಂದಿದೆ. 2021ರ ಡಿಸೆಂಬರ್ 25ರಂದು ಲಖನೌದಲ್ಲಿ ಆ ಹಂಚಿಕೆ ಆರಂಭವಾಯಿತು. ಪದವಿಯ ಕೊನೆಯ ವರ್ಷದಲ್ಲಿ ಅಕ್ಕನಿಗೆ ದೊರೆತ ಆ ವಸ್ತು ಹಗಲು ಅವಳದು, ಸಂಜೆ ತಮ್ಮನದು. ನಾನು ನೋಡಬೇಕೆಂದು ಕೈ ಚಾಚಿದಾಗ ಅವನು ಥಟ್ಟನೆ ಹಿಂದಕ್ಕೆಳೆದುಕೊಂಡು, “ಬಾಬೂಜಿ, ಕೈ ಒರೆಸಿಕೊಳ್ಳಿ. ಒದ್ದೆ ಕೈಯ ಮಾತನ್ನು ಇದು ಕೇಳುವುದಿಲ್ಲ” ಎಂದನು. ಗಂಗೆಯಲ್ಲಿ ಕೈ ಅದ್ದಿ ಬಂದಿದ್ದ ನನಗೆ ಆ ಎಚ್ಚರಿಕೆ ಭೌತಶಾಸ್ತ್ರದ ಒಂದು ಪಾಠದ ಪೀಠಿಕೆಯಂತೆ ಕೇಳಿಸಿತು.

ಒದ್ದೆ ಕೈ ಏಕೆ ಸಲ್ಲದು? ಈ ಹಲಗೆಯ ಮೇಲ್ಗಾಜಿನ ಕೆಳಗೆ ಇಂಡಿಯಂ ಮತ್ತು ತವರದ ಆಕ್ಸೈಡಿನ ಅತ್ಯಂತ ತೆಳುವಾದ ಲೇಪವಿರುತ್ತದೆ. ಬೆಳಕನ್ನು ತಡೆಯದೆ ಬಿಡುವ, ಆದರೆ ವಿದ್ಯುತ್ತನ್ನು ಹರಿಯಗೊಡುವ ವಿರಳವಾದ ಪದಾರ್ಥ ಅದು. ಅದನ್ನು ಅಡ್ಡಗೆರೆ ಉದ್ದಗೆರೆಗಳಾಗಿ, ಮಗ್ಗದ ಹಾಸುಹೊಕ್ಕುಗಳಂತೆ, ಎರಡು ಪದರಗಳಲ್ಲಿ ಹಾಸಿರುತ್ತಾರೆ. ಎಳೆಗಳು ಒಂದನ್ನೊಂದು ಮುಟ್ಟುವುದಿಲ್ಲ. ಆದರೆ ಅವು ಹಾಯುವ ಪ್ರತಿಯೊಂದು ಸಂಧಿಯಲ್ಲಿಯೂ ಅತ್ಯಲ್ಪ ಪ್ರಮಾಣದ ವಿದ್ಯುತ್ ಆವೇಶ ಶೇಖರವಾಗಿ, ಸುತ್ತ ಒಂದು ಕ್ಷೇತ್ರವನ್ನು ಹರಡಿಕೊಂಡು ನಿಲ್ಲುತ್ತದೆ. ಮನುಷ್ಯನ ಶರೀರ ಬಹುಪಾಲು ಲವಣಯುಕ್ತವಾದ ನೀರಾದುದರಿಂದ ಅದು ವಿದ್ಯುದ್ವಾಹಕ; ಬೆರಳು ಗಾಜಿನ ಸಮೀಪಕ್ಕೆ ಬಂದೊಡನೆ ಆ ಕ್ಷೇತ್ರದ ಒಂದು ಪಾಲು ಬೆರಳಿನತ್ತ ಬಾಗುತ್ತದೆ, ಸಂಧಿಯಲ್ಲಿನ ಆವೇಶ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಒಳಗಿನ ಪುಟ್ಟ ಚಿಪ್ ಒಂದು ಸೆಕೆಂಡಿಗೆ ಹತ್ತಾರು ಬಾರಿ ಎಲ್ಲ ಸಂಧಿಗಳನ್ನೂ ಎಣಿಸಿ ನೋಡಿ, ಎಲ್ಲಿ ಎಷ್ಟು ಕುಗ್ಗಿತೆಂಬುದನ್ನು ಹೋಲಿಸಿ, ಬೆರಳಿನ ನಡುವಣ ಬಿಂದು ಇಂತಹ ಕಡೆಯೇ ಎಂದು ನಿರ್ಣಯಿಸುತ್ತದೆ. ಇಂಗ್ಲೆಂಡಿನ ಮಾಲ್ವರ್ನಿನ ರೇಡಾರ್ ಸಂಶೋಧನಾಲಯದಲ್ಲಿದ್ದ ಜಾನ್ಸನ್ ಎಂಬ ಎಂಜಿನಿಯರು 1965ರಲ್ಲಿ ಬೆರಳಿನ ಸ್ಪರ್ಶಕ್ಕೆ ಓಗೊಡುವ ಇಂತಹ ತೆರೆಯನ್ನು ಕುರಿತು ಬರೆದದ್ದು ಮಕ್ಕಳಿಗಾಗಿಯಲ್ಲ, ವಿಮಾನಗಳ ಸಂಚಾರವನ್ನು ನಿಯಂತ್ರಿಸುವವರಿಗಾಗಿ.

ನೀರಿನ ಹನಿಯೂ ಬೆರಳಿನಂತೆಯೇ ಕ್ಷೇತ್ರವನ್ನು ಕದಡುತ್ತದೆ. ಆದುದರಿಂದ ಒದ್ದೆಯಾದ ತೆರೆಯ ಮೇಲೆ ಯಂತ್ರಕ್ಕೆ ಹತ್ತು ಬೆರಳುಗಳು ಏಕಕಾಲದಲ್ಲಿ ಮುಟ್ಟಿದಂತೆ ಭ್ರಮೆಯಾಗುತ್ತದೆ. ಇದನ್ನು ಅವನಿಗೆ ನನ್ನ ಹರಕು ಹಿಂದಿಯಲ್ಲಿ ವಿವರಿಸುತ್ತಿದ್ದಂತೆ ಅವನು ಎದ್ದುಹೋಗಿ ಸೌತೆಕಾಯಿ ಮಾರುವವನಿಂದ ಒಂದು ಹೋಳನ್ನು ತಂದನು. ಮೊದಲು ಒಣಗಿದ ಬಿದಿರುಕಡ್ಡಿಯಿಂದ ಗೀಚಿದನು; ಗೆರೆ ಮೂಡಲಿಲ್ಲ. ಬಳಿಕ ಸೌತೆಯ ಹೋಳನ್ನು ತನ್ನ ಅಂಗಿಯಲ್ಲಿ ಒತ್ತಿ ಒರೆಸಿ, ಮೆಲ್ಲಗೆ ಗಾಜಿನ ಮೇಲೆ ಎಳೆದನು. ಕಪ್ಪಾದ ಗೆರೆಯೊಂದು ಅದರ ಹಿಂದೆಯೇ ಓಡಿತು. ಹೋಳಿನಲ್ಲಿ ನೀರಿದೆ, ಆ ನೀರಿನ ಮೂಲಕ ಅವನ ಕೈಯವರೆಗೂ ವಿದ್ಯುತ್ತಿಗೆ ದಾರಿಯಿದೆ. ಅವನು ಗೆರೆಯನ್ನು ಅಳಿಸಿದನು, ಮತ್ತೆ ಎಳೆದನು, ಮತ್ತೆ ಅಳಿಸಿದನು.

ಆ ಅಳಿಸುವಿಕೆಯನ್ನು ನೋಡುತ್ತಿದ್ದಂತೆ ನನ್ನ ಮನಸ್ಸು ಕನ್ನಡ ನಾಡಿನ ಕಡತದತ್ತ ಹೋಯಿತು. ಕಡತವೆಂದರೆ ಇಂದು ನಮಗೆ ಕಚೇರಿಯ ಕಾಗದಪತ್ರಗಳ ಕಟ್ಟು. ಹಿಂದೆ ಅದು ಬಟ್ಟೆಯಿಂದ ಮಾಡಿದ ಬರೆಯುವ ಹಲಗೆ. ಹುಣಸೆಬೀಜದ ಸರಿಗೆ ಇದ್ದಲಿನ ಪುಡಿ ಬೆರೆಸಿ, ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಿಳಿಯ ಬಳಪದಿಂದ ಬರೆಯುತ್ತಿದ್ದರು. ವರ್ತಕರು ಲೆಕ್ಕ ಬರೆದರು, ಶೃಂಗೇರಿಯ ಮಠದಲ್ಲಿ ವ್ಯವಹಾರಗಳು ಕಡತಗಳಲ್ಲಿಯೇ ದಾಖಲಾದವು. ಬೇಡವೆನಿಸಿದಾಗ ಅಳಿಸಿ, ಮತ್ತೆ ಕರಿ ಬಳಿದು, ಮತ್ತೆ ಬರೆಯಬಹುದಾಗಿತ್ತು. ತರುವಾಯ ಬಂದ ಸ್ಲೇಟಿನ ಗುಣವೂ ಅದೇ. ತಪ್ಪು ಬರೆದ ಮಗುವಿಗೆ ಆ ತಪ್ಪು ಶಾಶ್ವತವಾಗಿ ಉಳಿಯುವುದಿಲ್ಲವೆಂಬ ಅಭಯವನ್ನು ಕೊಡುವುದು ಕಲಿಕೆಯ ಸಾಧನಗಳಲ್ಲಿ ಹಲಗೆಯೊಂದೇ. ಕಾಗದ ಆ ಅಭಯವನ್ನು ಕೊಡಲಾರದು.

ಟ್ಯಾಬ್ಲೆಟ್ಟಿನ ಕಲ್ಪನೆಯೇ ಮಕ್ಕಳಿಗಾಗಿ ಹುಟ್ಟಿತೆಂಬುದು ಹಲವರಿಗೆ ತಿಳಿಯದ ಸಂಗತಿ. ಅಮೆರಿಕದ ಆಲನ್ ಕೇ 1972ರಲ್ಲಿ ‘ಡೈನಾಬುಕ್’ ಎಂಬ, ಪುಸ್ತಕದ ಗಾತ್ರದ, ಎತ್ತಿಕೊಂಡು ತಿರುಗಬಹುದಾದ ಗಣಕವೊಂದನ್ನು ಕಾಗದದ ಮೇಲೆ ಚಿತ್ರಿಸಿದಾಗ, ಆ ಚಿತ್ರದಲ್ಲಿದ್ದವರು ಹುಲ್ಲಿನ ಮೇಲೆ ಕುಳಿತ ಇಬ್ಬರು ಮಕ್ಕಳು. ಮಗು ಅದರಲ್ಲಿ ನೋಡುವುದಷ್ಟೇ ಅಲ್ಲದೆ ತಾನೇ ಏನನ್ನಾದರೂ ರಚಿಸಬೇಕೆಂಬುದು ಅವನ ಅಪೇಕ್ಷೆಯಾಗಿತ್ತು. ಆಗಿನ ಕಾಲಕ್ಕೆ ಅದನ್ನು ತಯಾರಿಸಲು ತೆರೆಯೂ ಇರಲಿಲ್ಲ, ಬ್ಯಾಟರಿಯೂ ಇರಲಿಲ್ಲ.

ನಮ್ಮ ದೇಶದಲ್ಲಿ ಈ ಕನಸನ್ನು ಅಗ್ಗದ ಬೆಲೆಯಲ್ಲಿ ನಿಜಗೊಳಿಸುವ ದೊಡ್ಡ ಯತ್ನ 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಪ್ರಕಟವಾದ ‘ಆಕಾಶ್’. ಏಳು ಅಂಗುಲದ ತೆರೆ, 256 ಮೆಗಾಬೈಟಿನ ಸ್ಮೃತಿ, 366 ಮೆಗಾಹರ್ಟ್ಸ್ ವೇಗದ ಸಂಸ್ಕಾರಕ. ಅದರ ತೆರೆ ನಾನು ಮೇಲೆ ವಿವರಿಸಿದ ಬಗೆಯದಲ್ಲ. ಎರಡು ಪೊರೆಗಳನ್ನು ಒತ್ತಿ ಒಂದಕ್ಕೊಂದು ತಾಗಿಸುವ ಹಳೆಯ ಬಗೆಯದು. ಬಿದಿರುಕಡ್ಡಿಯೂ ಅದರ ಮೇಲೆ ಬರೆಯುತ್ತಿತ್ತು. ಆದರೆ ಪ್ರತಿ ಸಲವೂ ಒತ್ತಬೇಕಾಗಿತ್ತು, ಒತ್ತಿದರೂ ನಿಧಾನವಾಗಿ ಓಗೊಡುತ್ತಿತ್ತು. ಮರುವರ್ಷ ಬಂದ ಎರಡನೆಯ ಆವೃತ್ತಿ ಆವೇಶದ ತೆರೆಗೆ ಬದಲಾಯಿತು. ಆಕಾಶ್ ತನ್ನ ಹೆಸರಿನಷ್ಟು ವಿಸ್ತಾರಕ್ಕೆ ಹರಡಲಿಲ್ಲವಾದರೂ, ಬಡ ಮಗುವಿನ ಕೈಗೂ ಗಣಕ ಬರಬಹುದೆಂಬ ಮಾತನ್ನು ಅದು ಸರ್ಕಾರಿ ಕೊಠಡಿಗಳಲ್ಲಿ ಗಂಭೀರವಾಗಿ ಆಡಿಸಿತು. ಆ ಋಣವನ್ನು ಮರೆಯಬಾರದು.

ಸೂರ್ಯ ಪಶ್ಚಿಮಕ್ಕೆ ಸರಿದು, ಘಾಟಿನ ಹಿಂದಣ ಸೌಧಗಳ ನೆರಳು ಮೆಟ್ಟಿಲುಗಳನ್ನು ಆವರಿಸಿತು. ಹುಡುಗ ಕೊಡೆಯಡಿಯಿಂದ ಹೊರಬಂದನು. ನಡುಹಗಲಲ್ಲಿ ಅವನು ಬಯಲಿನಲ್ಲಿ ಕುಳಿತು ಓದಲಾರನು, ಅದಕ್ಕೆ ಕಾರಣವುಂಟು. ತೆರೆಯ ಹಿಂದೆ ಬಿಳಿಯ ದೀಪಗಳಿವೆ, ದೀಪಗಳ ಮುಂದೆ ದ್ರವಸ್ಫಟಿಕದ ಪದರವಿದೆ. ಆಸ್ಟ್ರಿಯದ ಸಸ್ಯಶಾಸ್ತ್ರಜ್ಞ ರೈನಿಟ್ಸರ್ 1888ರಲ್ಲಿ ಗಜ್ಜರಿಯಿಂದ ಪಡೆದ ಪದಾರ್ಥದಲ್ಲಿ ಮೊದಲು ಗಮನಿಸಿದ ಈ ವಿಚಿತ್ರ ಸ್ಥಿತಿ, ದ್ರವದಂತೆ ಹರಿಯುತ್ತ ಸ್ಫಟಿಕದಂತೆ ಶಿಸ್ತಾಗಿ ನಿಲ್ಲುವ ಅಣುಗಳದು. ವಿದ್ಯುತ್ತು ಸೋಕಿದಾಗ ಅವು ಹೊರಳಿ, ಲಕ್ಷಾಂತರ ಕಿರುಗಿಂಡಿಗಳನ್ನು ತೆರೆದು ಮುಚ್ಚಿ, ಬೆಳಕನ್ನು ಬಿಟ್ಟೋ ತಡೆದೋ ಅಕ್ಷರಗಳನ್ನು ಮೂಡಿಸುತ್ತವೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಬಿಸಿಲು ಹೆಚ್ಚಿದಷ್ಟೂ ಅದು ಹೊಳೆಯುತ್ತದೆ. ಸಾಮಾನ್ಯವಾದ ಟ್ಯಾಬ್ಲೆಟ್ಟಿನ ತೆರೆಗಿಂತ ನಡುಹಗಲ ಬಿಸಿಲಲ್ಲಿಟ್ಟ ಬಿಳಿಯ ಹಾಳೆ ಐವತ್ತು ಪಟ್ಟಿಗೂ ಮಿಗಿಲಾಗಿ ಬೆಳಗುವುದರಿಂದ, ಗಾಜಿನಿಂದ ಪ್ರತಿಫಲಿಸುವ ಆಕಾಶದ ಪ್ರಭೆಯಲ್ಲಿಯೇ ಹಲಗೆಯ ಅಕ್ಷರಗಳು ಮುಳುಗಿಹೋಗುತ್ತವೆ. ಈ ಘಾಟಿನ ಉತ್ತರಕ್ಕೆ ಸಮೀಪದಲ್ಲಿಯೇ ಇರುವ ಮಾನಮಂದಿರದ ಮೇಲ್ಮಾಳಿಗೆಯಲ್ಲಿ ಜಯಪುರದ ಸವಾಯಿ ಜಯಸಿಂಹನು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದ ಸಮ್ರಾಟ್ ಯಂತ್ರವೆಂಬ ನೆರಳುಗಡಿಯಾರವಿದೆ. ಅದು ಬಿಸಿಲಿಲ್ಲದೆ ಹೊತ್ತು ತೋರಿಸದು, ಇದು ಬಿಸಿಲಿನಲ್ಲಿ ಕೆಲಸ ಮಾಡದು. ಎರಡೂ ಕಲಿಸುವ ಯಂತ್ರಗಳೇ.

ಲೆಕ್ಕಕ್ಕೆ ಮರಳೋಣ. ಹುಡುಗ ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಿ, ಮೇಲಿನವೆರಡನ್ನೂ ಕೆಳಗಿನವೆರಡನ್ನೂ ಬೇರೆ ಬೇರೆ ಕೂಡಿಸಿ, ಐದನೆಯ ಎರಡು ಎಂದು ಬರೆದನು. ಹಲಗೆ ತಪ್ಪೆಂದಿತು. ಅಲ್ಲಿಗೆ ಬಿಟ್ಟಿದ್ದರೆ ಅದು ಕೇವಲ ತಕ್ಕಡಿಯಾಗುತ್ತಿತ್ತು. ಆದರೆ ಅದು ಹಿಂದಿನ ತರಗತಿಯ ಪಾಠಕ್ಕೆ ಇಳಿದು, ಎರಡು ರೊಟ್ಟಿಗಳ ಚಿತ್ರವನ್ನು ತೋರಿಸಿ, ಒಂದನ್ನು ಎರಡಾಗಿ ಇನ್ನೊಂದನ್ನು ಮೂರಾಗಿ ಕತ್ತರಿಸಿ, ಈ ತುಂಡುಗಳು ಸಮವೇ ಎಂದು ಕೇಳಿತು. ಅವನು ಬಹಳ ಹೊತ್ತು ನೋಡಿ, ತನ್ನ ಉತ್ತರವನ್ನು ತಾನೇ ಅಳಿಸಿದನು.

ಈ ಒಂದು ನಡೆಯಲ್ಲಿಯೇ ಯಂತ್ರದ ಯೋಗ್ಯತೆಯೆಲ್ಲ ಅಡಗಿದೆಯೆಂದು ನಾನು ದೃಢವಾಗಿ ನಂಬುತ್ತೇನೆ. ಪೆರು ದೇಶವು ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಲ್ಲಿ ಲಕ್ಷಗಟ್ಟಲೆ ಗಣಕಗಳನ್ನು ಹಳ್ಳಿಯ ಶಾಲೆಗಳಿಗೆ ಹಂಚಿತು. 2012ರಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನವು, ಅದರಿಂದ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಹೆಚ್ಚಿದ ಲಕ್ಷಣ ಕಾಣಲಿಲ್ಲವೆಂದಿತು. ಇದಕ್ಕೆ ಪ್ರತಿಯಾಗಿ, ದೆಹಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶದ ಮೂಲಕ ಮಾಧ್ಯಮಿಕ ತರಗತಿಗಳ ಮಕ್ಕಳಿಗೆ ಶಾಲೆಯ ಬಳಿಕ ಪಾಠ ನಡೆಸಿ, 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ ಕಾರ್ತಿಕ್ ಮುರಳೀಧರನ್ ಮತ್ತು ಅವರ ಸಹಚರರು, ನಾಲ್ಕೂವರೆ ತಿಂಗಳಲ್ಲಿಯೇ ಗಣಿತದಲ್ಲಿಯೂ ಹಿಂದಿಯಲ್ಲಿಯೂ ಸ್ಪಷ್ಟವಾದ ಪ್ರಗತಿಯನ್ನು ಕಂಡರು. ಪೆರುವಿನಲ್ಲಿ ಯಂತ್ರ ಬಂದಿತು, ಪಾಠ ಬದಲಾಗಲಿಲ್ಲ. ದೆಹಲಿಯಲ್ಲಿ ಪ್ರತಿ ಮಗು ನಿಜವಾಗಿ ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಪಾಠ ಆರಂಭವಾಯಿತು. ಎಂಟನೆಯ ತರಗತಿಯಲ್ಲಿ ಕುಳಿತ ಮಗುವಿಗೆ ನಾಲ್ಕನೆಯ ತರಗತಿಯ ಭಾಗಾಕಾರ ಬಾರದಿದ್ದರೆ ಅದನ್ನೇ ಮೊದಲು ಕೊಟ್ಟರು. ಐವತ್ತು ಮಕ್ಕಳ ಮುಂದೆ ನಿಂತ ಉಪಾಧ್ಯಾಯರು, ಎಷ್ಟೇ ಶ್ರದ್ಧಾವಂತರಾಗಿದ್ದರೂ, ಏಕಕಾಲಕ್ಕೆ ಐವತ್ತು ಕಡೆಯಿಂದ ಪಾಠವನ್ನು ಆರಂಭಿಸಲಾರರು. ಹಲಗೆ ಅವರ ಸ್ಥಾನವನ್ನು ಪಡೆಯಲಾರದು, ಆದರೆ ಈ ಒಂದು ಭಾರವನ್ನು ಹೊರಬಲ್ಲದು.

ಶಾಲೆಯಲ್ಲಿ ಮಾತ್ರ ಇದ್ದರೆ ಸಾಲದು, ಅದು ಮನೆಗೂ ಹೋಗಬೇಕು. 2021ರ ‘ಅಸರ್’ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಶಾಲಾಮಕ್ಕಳಲ್ಲಿ ಶೇಕಡ 67.6ರಷ್ಟು ಮಂದಿಯ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೂ ಆ ಮಕ್ಕಳಲ್ಲಿ ನಾಲ್ವರಲ್ಲೊಬ್ಬರಿಗೆ ಅದು ಕೈಗೆ ಸಿಗುತ್ತಿರಲಿಲ್ಲ. ಫೋನು ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ. ಅವನು ಮರಳುವಾಗ ಮಗುವಿಗೆ ನಿದ್ರೆ ಬಂದಿರುತ್ತದೆ. ಓದಿಗೆಂದೇ ಮೀಸಲಾದ ಒಂದು ಹಲಗೆ ಮನೆಯಲ್ಲಿದ್ದರೆ, ಪಾಠಗಳನ್ನೂ ಪಠ್ಯಪುಸ್ತಕಗಳನ್ನೂ ಶಾಲೆಯಲ್ಲಿಯೇ ಅದರೊಳಗೆ ತುಂಬಿಸಿಕೊಟ್ಟಿದ್ದರೆ, ನೆಟ್‌ವರ್ಕಿನ ಹಂಗೂ ಬೇಕಿಲ್ಲ. 32 ಗಿಗಾಬೈಟಿನ ಭಂಡಾರದಲ್ಲಿ ಒಂದರಿಂದ ಹತ್ತರವರೆಗಿನ ಎಲ್ಲ ಕನ್ನಡ ಪಠ್ಯಗಳೂ ನಿರಾಯಾಸವಾಗಿ ಹಿಡಿಸುತ್ತವೆ. ಈ ಮಲ್ಲಾಹರ ಮನೆಯಲ್ಲಿ ಅಕ್ಕನ ಹಲಗೆ ತಮ್ಮನನ್ನೂ ಓದಿಸುತ್ತಿರುವುದು ಯಾವ ಯೋಜನೆಯ ಪಟ್ಟಿಯಲ್ಲಿಯೂ ಬರೆದಿಲ್ಲದ ಲಾಭ.

ನನ್ನನ್ನು ಬಹುಕಾಲ ಬಾಧಿಸಿದ ಒಂದು ದೃಶ್ಯವನ್ನು ಇಲ್ಲಿ ಹೇಳಲೇಬೇಕು. ನಮ್ಮ ಸೀಮೆಯ ಒಂದು ಪ್ರೌಢಶಾಲೆಯಲ್ಲಿ, ಮಕ್ಕಳು ಒಡೆದುಹಾಕಿಯಾರೆಂಬ ಭಯದಿಂದ ದಾನಿಗಳು ಕೊಟ್ಟ ಟ್ಯಾಬ್ಲೆಟ್ಟುಗಳನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಎರಡು ಬೇಸಗೆ ಕಳೆದ ಮೇಲೆ ತೆಗೆದಾಗ ಹಲವು ಬೆನ್ನು ಉಬ್ಬಿಸಿಕೊಂಡಿದ್ದವು, ಒಂದರ ತೆರೆಯೂ ಬೆಳಗಲಿಲ್ಲ. ಯಾರೂ ಮುಟ್ಟದೆಯೇ ಅವು ಸತ್ತಿದ್ದವು. ಲಿಥಿಯಂ ಅಯಾನ್ ಬ್ಯಾಟರಿಯ ಸ್ವಭಾವವೇ ಅಂತಹುದು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ, ಬಳಸುವಾಗ ಅಲ್ಲಿಂದ ಹೊರಟು ಎದುರಿನ ಧ್ರುವಕ್ಕೆ ಮರಳುತ್ತವೆ. ಸುಮ್ಮನೆ ಇಟ್ಟರೂ ಆವೇಶ ಹನಿಹನಿಯಾಗಿ ಸೋರುತ್ತದೆ. ಸೋರಿ ತೀರ ಬರಿದಾದಾಗ ಒಳಗಿನ ತಾಮ್ರದ ಹಾಳೆಯೇ ಕರಗಲಾರಂಭಿಸುತ್ತದೆ, ಅನಿಲ ಹುಟ್ಟಿ ಕೋಶ ಉಬ್ಬುತ್ತದೆ. ಪೂರ್ಣ ಚಾರ್ಜಿನಲ್ಲಿ ಬೇಸಗೆಯ ಸೆಕೆಗೆ ಸಿಕ್ಕಿದರೂ ಅದಕ್ಕೆ ಹಾನಿಯೇ.

ಆದುದರಿಂದ ಮುಖ್ಯೋಪಾಧ್ಯಾಯರಲ್ಲಿಯೂ ಶಾಲಾಭಿವೃದ್ಧಿ ಸಮಿತಿಯವರಲ್ಲಿಯೂ ನನ್ನ ವಿನಂತಿ ಇಷ್ಟೇ. ಬೇಸಗೆಯ ರಜೆಗೆ ಮುನ್ನ ಬೀರುವಿನ ಬೀಗ ತೆಗೆಯಿರಿ. ಹಲಗೆಗಳನ್ನು ಮಕ್ಕಳ ಹೆಸರಿನಲ್ಲಿ ಬರೆದುಕೊಂಡು, ಒಂದೊಂದಕ್ಕೂ ದಪ್ಪನೆಯ ಕವಚ ತೊಡಿಸಿ, ಅವರ ಮನೆಗಳಿಗೆ ಕಳುಹಿಸಿಕೊಡಿ. ಬಿಸಿಲಿನಲ್ಲಿ ಇಡಬಾರದು, ಒದ್ದೆ ಕೈಯಿಂದ ಮುಟ್ಟಬಾರದು ಎಂದಷ್ಟೇ ಹೇಳಿದರೆ ಅವರು ನೋಡಿಕೊಳ್ಳುತ್ತಾರೆ. ಕಳುಹಿಸಲು ಸಾಧ್ಯವೇ ಇಲ್ಲವಾದರೆ ಅರ್ಧದಷ್ಟು ಚಾರ್ಜ್ ಮಾಡಿ ತಂಪಾದ ಕೋಣೆಯಲ್ಲಿರಿಸಿ, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಿರಿ.