ಮರೆವಿನ ಹಿಂದಿನ ಕತ್ತರಿಗಳು

ನಮ್ಮ ಕೊಟ್ಟೂರು, ಕೂಡ್ಲಿಗಿ ಕಡೆ ಅಜ್ಜನೋ ಅಜ್ಜಿಯೋ ಉಂಡದ್ದನ್ನೇ ಮರೆತು ಮತ್ತೆ ಊಟಕ್ಕೆ ಕೂತರೆ, ಮನೆಯವರು "ಅರವತ್ತಕ್ಕೆ ಅರಳು ಮರಳು" ಅಂದು ಸುಮ್ಮನಾಗ್ತಾರೆ. ವಯಸ್ಸಾದಂತೆ ಸ್ವಲ್ಪ ಮರೆವು ಸಹಜವೇ. ಆದರೆ ತೇರು ನೋಡಲು ಹೋದವರಿಗೆ ವಾಪಸ್ ಮನೆಗೆ ಬರೋ ದಾರಿಯೇ ಹೊಳೆಯದಿದ್ದರೆ ಅದು ಕಾಯಿಲೆ ಇರಬಹುದು. ಅಂಥ ಕಾಯಿಲೆಗಳಲ್ಲಿ ಹೆಚ್ಚು ಕಾಣುವುದು ಆಲ್ಝೈಮರ್. ಅದರಲ್ಲಿ ಮಿದುಳಿನ ಎರಡು ಪ್ರೋಟೀನ್‌ಗಳು ಕೆಡುತ್ತವೆ, ಎರಡರಲ್ಲೂ ಕಿಣ್ವಗಳ ಕೈವಾಡವಿದೆ.

ಕಿಣ್ವ ಅಂದರೆ ದೇಹದ ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ವಸ್ತು. ಮಂಡಕ್ಕಿ ಅಗಿಯುವಾಗ ಜೊಲ್ಲಿನ ಅಮೈಲೇಸ್ ಪಿಷ್ಟವನ್ನು ತುಂಡು ಮಾಡುತ್ತದಲ್ಲ, ಹಾಗೆ. ಮಿದುಳಿನಲ್ಲೂ ಇಂಥ ಕತ್ತರಿಗಳಿವೆ. ನರಕೋಶದ ಪೊರೆಯಲ್ಲಿ ಎಪಿಪಿ ಎಂಬ ಉದ್ದನೆಯ ಪ್ರೋಟೀನ್ ಇರುತ್ತದೆ. ಇದನ್ನು ಮೊದಲು ಆಲ್ಫಾ ಸೆಕ್ರೆಟೇಸ್ ಕತ್ತರಿಸಿದರೆ ತೊಂದರೆಯಿಲ್ಲ. ಬೀಟಾ ಸೆಕ್ರೆಟೇಸ್ ಬೇರೆ ಜಾಗದಲ್ಲಿ ಕತ್ತರಿಸಿ, ಆಮೇಲೆ ಗಾಮಾ ಸೆಕ್ರೆಟೇಸ್ ಇನ್ನೊಂದು ತುದಿ ಕತ್ತರಿಸಿದರೆ 'ಅಮೈಲಾಯ್ಡ್ ಬೀಟಾ' ಎಂಬ ತುಣುಕು ಹೊರಬೀಳುತ್ತದೆ. ಇದರಲ್ಲಿ 40 ಅಮೈನೊ ಆಮ್ಲಗಳ ತುಣುಕಿಗಿಂತ 42ರ ತುಣುಕಿಗೆ ಅಂಟು ಜಾಸ್ತಿ. ಅವು ಒಂದಕ್ಕೊಂದು ಅಂಟಿ ನರಕೋಶಗಳ ಹೊರಗೆ ಗಟ್ಟಿ ಮುದ್ದೆಯಾಗುತ್ತವೆ.

ಎರಡನೆಯದು ಟೌ. ನರಕೋಶದೊಳಗೆ ಸಾಮಾನು ಸಾಗಿಸುವ ಹಳಿಗಳನ್ನು ಹಿಡಿದಿಡುವ ಪ್ರೋಟೀನ್ ಇದು. ಕೈನೇಸ್ ಕಿಣ್ವಗಳು ಇದಕ್ಕೆ ಫಾಸ್ಫೇಟ್ ಅಂಟಿಸುತ್ತವೆ, ಫಾಸ್ಫಟೇಸ್‌ಗಳು ಕೀಳುತ್ತವೆ. ಲೆಕ್ಕ ತಪ್ಪಿ ಫಾಸ್ಫೇಟ್ ಹೆಚ್ಚಾದರೆ ಟೌ ಹಳಿ ಬಿಟ್ಟು ಗಂಟುಗಂಟಾಗುತ್ತದೆ.

ಹಾಗಾದರೆ ಕತ್ತರಿಯನ್ನೇ ನಿಲ್ಲಿಸಿದರೆ ಆಯ್ತಲ್ವಾ? ಆ ಪ್ರಯತ್ನವೂ ಆಯ್ತು. ಗಾಮಾ ಕತ್ತರಿಯನ್ನು ತಡೆಯುವ ಸೆಮಗಾಸೆಸ್ಟಾಟ್ ಔಷಧದ ಪ್ರಯೋಗ 2010ರಲ್ಲಿ ನಿಂತಿತು. ಬೀಟಾ ಕತ್ತರಿಯನ್ನು ತಡೆಯುವ ವೆರುಬೆಸೆಸ್ಟಾಟ್ 2018ರ ಹೊತ್ತಿಗೆ ನಿಂತಿತು. ಅಮೈಲಾಯ್ಡ್ ಕಡಿಮೆಯಾದರೂ ವೆರುಬೆಸೆಸ್ಟಾಟ್‌ನಿಂದ ನೆನಪು ಸುಧಾರಿಸಲಿಲ್ಲ. ಎರಡೂ ಪ್ರಯೋಗಗಳಲ್ಲಿ ಔಷಧ ತಗೊಂಡ ಕೆಲವರ ಸ್ಥಿತಿ ಇನ್ನೂ ಹದಗೆಟ್ಟಿತು. ಯಾಕಂದರೆ ಈ ಕತ್ತರಿಗಳಿಗೆ ಬೇರೆ ಕೆಲಸಗಳೂ ಇವೆ: ನರತಂತುವಿನ ಹೊದಿಕೆ ಕಟ್ಟಲು ಬೀಟಾ ಬೇಕು, ಜೀವಕೋಶಗಳ ನಡುವಿನ ಸಂದೇಶಕ್ಕೆ ಗಾಮಾ ಬೇಕು. ಒಂದು ಮನೆಯಲ್ಲಿ ಶಾರ್ಟ್ ಸರ್ಕ್ಯೂಟ್ ಆಯ್ತು ಅಂತ ಇಡೀ ಊರಿನ ಕರೆಂಟ್ ತೆಗೆದ ಹಾಗೆ.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿ ಇದೆ. ಎಪಿಪಿ ಜೀನ್‌ನಲ್ಲಿ ಒಂದು ಅಪರೂಪದ ಬದಲಾವಣೆ ಇರುವವರಿಗೆ ಆಲ್ಝೈಮರ್ ಬರುವ ಸಾಧ್ಯತೆ ಕಡಿಮೆ ಎಂದು ಐಸ್‌ಲ್ಯಾಂಡ್‌ನ ಸಂಶೋಧಕರು 2012ರಲ್ಲಿ ತೋರಿಸಿದರು. ಅವರಲ್ಲಿ ಬೀಟಾ ಕತ್ತರಿ ನಿಂತಿಲ್ಲ, ಅಮೈಲಾಯ್ಡ್ ತಯಾರಿ ಸುಮಾರು 40% ಇಳಿದಿದೆ ಅಷ್ಟೆ, ಅದೂ ಹುಟ್ಟಿನಿಂದಲೇ. ಅಂದರೆ ಪ್ರಶ್ನೆ ಇರುವುದು ಎಷ್ಟು ತಡೆಯಬೇಕು, ಯಾವಾಗ ತಡೆಯಬೇಕು ಅನ್ನೋದರಲ್ಲಿ.

'ಯಾವಾಗ' ಅಂತ ತಿಳಿಯಬೇಕಾದರೆ ಜನರನ್ನು ಕಾಯಿಲೆ ಬರುವ ಮೊದಲಿಂದಲೇ ಗಮನಿಸಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದ ಸುಮಾರು 10,000 ಜನರನ್ನು ವರ್ಷಗಟ್ಟಲೆ ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಹಳ್ಳಿಯವರ ಮರೆವೂ ವಿಜ್ಞಾನದ ಲೆಕ್ಕಕ್ಕೆ ಬರುತ್ತಿದೆ.

ನಾವು ಮಾಡಬಹುದಾದದ್ದೂ ಒಂದಿದೆ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ರಜೆಗೆ ಊರಿಗೆ ಹೋದಾಗ ಅಜ್ಜ-ಅಜ್ಜಿಯ ಮರೆವು ಹೆಚ್ಚಾದಂತೆ ಕಂಡರೆ, ಅರಳು ಮರಳು ಅಂತ ಬಿಡದೆ ಡಾಕ್ಟರ ಹತ್ತಿರ ಕರಕೊಂಡು ಹೋಗಿ.