ಡ್ರಾಮಾ, ಟ್ರ್ಯಾಜಿಡಿ, ಪ್ಲೇ: ಇಂಗ್ಲಿಷ್ ನಾಟಕಪದಗಳ ಮೂಲ ಮತ್ತು ನಮ್ಮ ‘ಆಟ’



ನೀಲಗಿರಿಯಲ್ಲಿ ನಾವು ಮನೆಯಲ್ಲಿ ಬಡಗ, ಕನ್ನಡ, ತಮಿಳು, ಮಲಯಾಳ ಹೀಗೆ ಬೇರೆಬೇರೆ ಮಾತಾಡ್ತೀವಿ. ತರಗತಿಯಲ್ಲಿ ನಾಟಕವನ್ನು ಇಂಗ್ಲಿಷಿನಲ್ಲಿ ಓದ್ತೀವಿ. ಅಲ್ಲಿನ ಪಾರಿಭಾಷಿಕ ಪದಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯೋದೇ ಹೆಚ್ಚು. ಆ ಪದಗಳ ಮೂಲ ತಿಳಿದರೆ ನಾಟಕವನ್ನು ಓದುವ ಕ್ರಮವೇ ಬದಲಾಗುತ್ತದೆ ಎಂಬುದು ಈ ಪ್ರಬಂಧದ ವಾದ.

ಮೊದಲು ‘ಡ್ರಾಮಾ’. ಗ್ರೀಕಿನ ‘ದ್ರಾನ್’ ಅಂದರೆ ಮಾಡು. ಡ್ರಾಮಾ ಅಂದರೆ ಮಾಡಿದ್ದು, ಕ್ರಿಯೆ. ಆಕ್ಟ್, ಆಕ್ಟರ್ ಲ್ಯಾಟಿನ್ ಮೂಲದವು. ಅಲ್ಲೂ ಅರ್ಥ ಮಾಡುವುದೇ. ‘ಥಿಯೇಟರ್’ ಬಂದದ್ದು ‘ಥೆಯಾತ್ರೋನ್’ನಿಂದ, ಅಂದರೆ ನೋಡುವ ಜಾಗ. ಊಟಿಯಲ್ಲಿ ಥಿಯೇಟರ್ ಅಂದ ಕೂಡಲೇ ಅಸೆಂಬ್ಲಿ ರೂಮ್ಸ್ ಸಿನಿಮಾ ನೆನಪಾಗುತ್ತೆ. ಮೂಲಾರ್ಥಕ್ಕೆ ಅದೂ ಸರಿಯೇ. ಸಂಸ್ಕೃತದವರು ನಾಟಕವನ್ನು ದೃಶ್ಯಕಾವ್ಯ ಎಂದದ್ದೂ ಇದೇ ಅರ್ಥದಲ್ಲಿ.

‘ಸೀನ್’ ಪದದ ಮೂಲ ‘ಸ್ಕೀನೆ’, ಅಂದರೆ ಗುಡಾರ. ನಟರು ವೇಷ ಬದಲಿಸುತ್ತಿದ್ದ ಆ ಜಾಗ ಮುಂದೆ ರಂಗದ ಹಿಂದಿನ ಕಟ್ಟಡವಾಯಿತು. ಕೊನೆಗೆ ನಾಟಕದ ಒಂದು ಭಾಗಕ್ಕೂ ಅದೇ ಹೆಸರು ನಿಂತಿತು. ನಮ್ಮ ಕಂಪನಿ ನಾಟಕಗಳಲ್ಲಿ ‘ಸೀನು’ ಅಂದರೆ ಬಣ್ಣ ಬಳಿದ ಪರದೆ. ‘ಹಿಪೊಕ್ರಿಟ್’ ಪದದ ಹಿಂದಿರುವುದು ನಟ ಎಂಬ ಅರ್ಥದ ಗ್ರೀಕ್ ಪದ. ನಾವೂ “ಡ್ರಾಮಾ ಮಾಡಬೇಡ” ಅಂತೀವಲ್ಲ, ಹಾಗೆ.

‘ಟ್ರ್ಯಾಜಿಡಿ’ಯ ಅಕ್ಷರಾರ್ಥ ಮೇಕೆ ಹಾಡು. ಗೆದ್ದವರಿಗೆ ಮೇಕೆ ಬಹುಮಾನವೋ, ಬಲಿ ಕೊಟ್ಟ ಮೇಕೆಯ ಸುತ್ತ ಹಾಡಿದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಪದದಲ್ಲಿ ‘ದುಃಖದ ಕೊನೆ’ ಎಂಬ ಅರ್ಥವಂತೂ ಇಲ್ಲ. ಕನ್ನಡದ ‘ದುರಂತ ನಾಟಕ’ ಎಂಬ ಅನುವಾದದಿಂದ ಈ ಗೊಂದಲ ಹುಟ್ಟುತ್ತೆ. ಈಸ್ಕಿಲಸ್‌ನ ಕ್ರಿ.ಪೂ. 458ರ ‘ಒರೆಸ್ತಿಯಾ’ ಸಮಾಧಾನದಲ್ಲಿ ಮುಗಿಯುತ್ತದೆ. ಆದರೂ ಅದು ಟ್ರ್ಯಾಜಿಡಿ. ‘ರುದ್ರನಾಟಕ’ ಎಂಬ ಇನ್ನೊಂದು ಪದ ಕೊನೆಯ ಬಗ್ಗೆ ಏನೂ ಹೇಳುವುದಿಲ್ಲ, ಆದ್ದರಿಂದ ಹೆಚ್ಚು ಹೊಂದುತ್ತದೆ. ಸೊಫೊಕ್ಲಿಸ್‌ನ ‘ಏಜಾಕ್ಸ್’ ಆಧರಿಸಿ ಬಿ.ಎಂ.ಶ್ರೀ. 1929ರಲ್ಲಿ ತಂದ ‘ಅಶ್ವತ್ಥಾಮನ್’ ಓದುವಾಗ ಈ ವ್ಯತ್ಯಾಸ ಗಮನಿಸಬೇಕು.

ಇನ್ನು ‘ಪ್ಲೇ’. ಇದು ಗ್ರೀಕಲ್ಲ, ಅಪ್ಪಟ ಹಳೆಯ ಇಂಗ್ಲಿಷ್. ಚುರುಕಾದ ಚಲನೆ, ಆಟ, ವಿನೋದ ಅದರ ಮೊದಲ ಅರ್ಥಗಳು. ರಂಗದ ಅರ್ಥ ಆಮೇಲೆ ಸೇರಿತು. ಇದಕ್ಕೆ ಸರಿಜೋಡಿ ನಮ್ಮ ‘ಆಟ’. ಕರಾವಳಿಯಲ್ಲಿ ಯಕ್ಷಗಾನವೇ ‘ಆಟ’. ಉತ್ತರ ಕರ್ನಾಟಕದಲ್ಲಿ ದೊಡ್ಡಾಟ, ಸಣ್ಣಾಟ. ಇಲ್ಲಿ ಬಡಗರ ಹಟ್ಟಿಗಳಲ್ಲಿ ಹಬ್ಬದ ಕುಣಿತ ‘ಆಟ್ಟ’. ತಮಿಳಿನ ‘ಕೂತ್ತು’ ಪದಕ್ಕೂ ಕುಣಿತ, ನಾಟಕ ಎರಡೂ ಅರ್ಥ ಉಂಟು. ನೋಡಿ, ಕನ್ನಡದಲ್ಲಿ ಮಕ್ಕಳು ಆಡ್ತಾರೆ, ನಾಟಕ ಆಡ್ತಾರೆ, ಮಾತನ್ನೂ ಆಡ್ತೀವಿ. ಚಲನೆ, ಅಭಿನಯ, ಮಾತು ಮೂರಕ್ಕೂ ಒಂದೇ ಕ್ರಿಯಾಪದ!

ಒಟ್ಟಾರೆ, ಗ್ರೀಕ್ ಪದಗಳು ಮಾಡು, ನೋಡು ಅನ್ನುತ್ತವೆ. ಇಂಗ್ಲಿಷ್, ಕನ್ನಡ, ಬಡಗ ಪದಗಳು ಆಡು ಅನ್ನುತ್ತವೆ. ಓದು ಅನ್ನುವ ಪದ ಒಂದೂ ಇಲ್ಲ. ನಾವು ಮಾತ್ರ ನಾಟಕವನ್ನು ಕೂತು ಓದಿ, ನೋಟ್ಸ್ ಬರೆದು ಮುಗಿಸ್ತೀವಿ. ಪ್ರತಿ ಪಠ್ಯದ ಒಂದು ದೃಶ್ಯವನ್ನಾದರೂ ತರಗತಿಯಲ್ಲಿ ಎದ್ದು ನಿಂತು ಆಡಬೇಕು ಎಂಬುದು ನನ್ನ ಸಲಹೆ.